ಅಳುಕದ ಕೈ

ಬೆಟಗೇರಿ
೧೧ ಏಪ್ರಿಲ್ ೧೯೪೮

ಚಿ. ದೇವಪ್ಪನಿಗೆ ಆಶೀರ್ವಾದಗಳು.

ನೀನು ಕಾಲೇಜು ಬಿಟ್ಟು ಮುಂಡರಗಿಯ ಕ್ಯಾಂಪು ಸೇರಿದ ಸುದ್ದಿ ನಿನ್ನಿಂದ ಬರಲಿಲ್ಲ, ನಿಮ್ಮ ಡಂಬಳದಿಂದ ಎಲೆ ಮಾರಲು ಬರುವ ಹುಚ್ಚವ್ವನಿಂದ ಬಂತು. ಗುರುವಿಗೆ ಈಗ ಇಷ್ಟೇ ಮರ್ಯಾದೆ. “ನಿಮ್ಮ ದೇವಪ್ಪ ಬಂದೂಕ ಹಿಡದಾನಂತರಿ ಮಾಸ್ತರ” ಅಂದಳು. “ಲೇಖಣಿ ಹಿಡಿಯಾಕ ಬರಲಿಲ್ಲ, ಅದರ ಬರ್ತೈತೇನ ನೋಡೂಣು” ಅಂದೆ. ಅವಳು ಹೋದ ಮೇಲೆ ಊಟ ಸೇರಲಿಲ್ಲ.

ನಮಗೆ ಸ್ವಾತಂತ್ರ್ಯ ಬಂದು ವರ್ಷ ಆಗುತ್ತ ಬಂತು. ಮುಂಡರಗಿ ದಾಟಿ ಮುಂದೆ ಹೋದರೆ ಇನ್ನೂ ನಿಜಾಮನ ರಾಜ್ಯ. ಅಲ್ಲಿಯ ರಜಾಕಾರರು ಊರು ಸುಡುತ್ತಿದ್ದಾರೆ, ಈಚೆಯಿಂದ ನೀವು ಹೋಗಿ ಅವರ ಸುಂಕದ ನಾಕಾ ಸುಡುತ್ತೀರಿ. ಆದೀತು, ಆಗಬೇಕಾದದ್ದೇ ಇರಬಹುದು. ಆದರೆ ನಿನ್ನ ಅಕ್ಕ ಕರಿಯವ್ವನನ್ನು ಕೊಟ್ಟದ್ದು ಆ ಗಡಿಯಾಚೆಗೆ ಎಂಬುದು ನೆನಪಿರಲಿ. ನಿನ್ನ ತಮ್ಮ ಹನಮಪ್ಪನನ್ನೂ ಕರೆದುಕೊಂಡು ಹೋಗಿದ್ದೀಯಂತೆ. ಅದು ಮಾತ್ರ ನನಗೆ ಸರಿಬರಲಿಲ್ಲ.

ನನ್ನ ಇಂಗ್ಲಿಷ್ ಕ್ರಿಯಾಪದಗಳ ಕೋಶ ‘ಫ್ಲಿಂಚ್’ ಎಂಬಲ್ಲಿ ಬಂದು ಎತ್ತು ಮೊಂಡು ಹಿಡಿದ ಹಾಗೆ ನಿಂತಿದೆ. ‘ಅಳುಕು’ ಎಂದು ಬರೆದು ಹೊಡೆದು ಹಾಕಿದೆ. ಅಳುಕು ಮನಸ್ಸಿನದು, ಇದು ಮೈಯದು. ಏಟು ಬೀಳುವ ಮೊದಲೇ, ಮನಸ್ಸಿಗೆ ಖಬರು ಮುಟ್ಟುವ ಮೊದಲೇ, ಮೈ ತಾನಾಗಿ ಹಿಂದಕ್ಕೆ ಸರಿಯುತ್ತದಲ್ಲ, ಅದು. ಅವರ ಕಥೆ-ಕಾದಂಬರಿಗಳಲ್ಲಿ ಈ ಶಬ್ದ ಒಂಟಿಯಾಗಿ ಬರುವುದು ಅಪರೂಪ. ‘ಫ್ಲಿಂಚ್ ಮಾಡಲಿಲ್ಲ’ ಎಂದೇ ಬರುತ್ತದೆ. ತೋಪಿನ ಬಾಯಿಗೆ ಎದೆ ಕೊಟ್ಟ ಸಿಪಾಯಿ ಮಾಡಲಿಲ್ಲ, ಕಾಲು ಕೊಯ್ಯುವಾಗ ನಾವಿಕ ಮಾಡಲಿಲ್ಲ, ನೇಣಿನ ಕೆಳಗೆ ಕಳ್ಳನೂ ಮಾಡಲಿಲ್ಲ. ಮಾಡದವನು ಗಂಡಸು ಎಂದು ಅರ್ಥ.

ನಿನಗಂತೂ ಈ ಶಬ್ದ ಮರೆತಿರಲಾರದು. ಅಂಗೈ ಚಾಚಿಸಿ ಬೆತ್ತದಿಂದ ಕಲಿಸಿದ್ದು. ಕೈ ಹಿಂದಕ್ಕೆ ಎಳೆದುಕೊಂಡವನಿಗೆ ಇನ್ನೆರಡು ಏಟು ಎಂಬುದು ನನ್ನ ವರ್ಗದ ಕಾಯಿದೆ. ಇಡೀ ವರ್ಗದಲ್ಲಿ ನೀನೊಬ್ಬ ಎಳೆದುಕೊಳ್ಳಲಿಲ್ಲ. ತೊಗಲು ಒಡೆದ ನಿನ್ನ ಅಂಗೈ ಎತ್ತಿ ಹಿಡಿದು “ನೋಡ್ರಿ, ಇದ ಉದಾಹರಣೆ” ಎಂದು ಎಲ್ಲರಿಗೂ ತೋರಿಸಿದ್ದೆ. ನಿಮ್ಮ ಕ್ಯಾಂಪಿನಲ್ಲಿ ಹತ್ತೂರಿನ ಜನ ಇದ್ದಾರೆ. ಇದಕ್ಕೆ ಅವರು ಏನನ್ನುತ್ತಾರೆ, ಕೇಳಿ ಬರೆ.

ನಿನ್ನ ಹಿತ ಬಯಸುವ,
ಚನ್ನಬಸವಣ್ಣ ಮಾಸ್ತರ

*

ಮುಂಡರಗಿ
೨ ಜೂನ್ ೧೯೪೮

ಪೂಜ್ಯ ಮಾಸ್ತರರಿಗೆ ದೇವಪ್ಪನ ನಮಸ್ಕಾರಗಳು.

ನಿಮ್ಮ ಶಬ್ದ ಕೇಳಿದೆ. ಒಬ್ಬ ಬೆಚ್ಚೂದು ಅಂದ, ಒಬ್ಬ ಹಿಂಜಗ್ಗೂದು ಅಂದ. ಅಸುಂಡಿಯ ಮೂಕಪ್ಪ ಮಾತ್ರ ನನ್ನನ್ನೇ ತಿರುಗಿ ಕೇಳಿದ: “ಬಾರಕೋಲ ಎತ್ತಿದ ಕೂಡ್ಲೆ, ಬಡಿಯೂಕಿಂತ ಮೊದಲ, ಎತ್ತಿನ ಬೆನ್ನ ತೊಗಲ ನಡಗತೈತಲ್ಲ, ಅದಕ್ಕ ಏನಂತಾರ?” ಎಲ್ಲರೂ ನಕ್ಕರು. ಹನಮಪ್ಪನೂ ನಕ್ಕ. ಅದೆಲ್ಲ ಹಿಂದಿನ ತಿಂಗಳ ಮಾತು.

ಹನಮಪ್ಪ ಈಗ ಇಲ್ಲ ಮಾಸ್ತರರೇ.

ಅಕ್ಕನ ಊರ ಹತ್ತಿರದ ನಾಕಾ ಸುಡುವುದೆಂದು ನಿಶ್ಚಯವಾಗಿತ್ತು. ದಾರಿ ನೋಡಿ ಬರಲು ಅವನನ್ನು ಹಗಲೇ ಕಳಿಸಿದ್ದೆವು. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಉಂಡ. ಕತ್ತಲಾದ ಮೇಲೆ ನಾವು ಅವನನ್ನು ಕೂಡಿಕೊಂಡು ಹೋದಾಗ ಅಲ್ಲಿ ಯಾವಾಗಲೂ ಇರುವ ಒಬ್ಬ ಜವಾನನ ಬದಲು ಬಂದೂಕಿನವರ ದಂಡೇ ಕಾಯುತ್ತಿತ್ತು. ಮುಂದೆ ಇದ್ದವನು ಹನಮಪ್ಪ. ಗುಂಡು ತೊಡೆಗೆ ಬಿತ್ತು. ನಾವು ಗಿಡಗಳ ಮರೆಗೆ ಓಡಿದೆವು. ಅವನನ್ನು ಕಾಲು ಹಿಡಿದು ಎಳೆದುಕೊಂಡು ಹೋಗಿ, ಬಂದೂಕಿನ ಹಿಡಿಯಿಂದ ಮುಖ ಜಜ್ಜಿದರು. “ಯಣ್ಣಾ” ಅಂದದ್ದು ಕೇಳಿಸಿತು. ಆಮೇಲೆ ಜಜ್ಜುವ ಸಪ್ಪಳ ಒಂದೇ ಕೇಳಿಸಿತು.

ಬೆಳಗಾಗುವ ಹೊತ್ತಿಗೆ ಅಕ್ಕನ ಗಂಡ ಗಾಳೆಪ್ಪ ಮಾವ ಚಕ್ಕಡಿಯಲ್ಲಿ ಹೆಣ ನಮ್ಮ ಮನೆಗೆ ತಂದ. ಹನಮಪ್ಪನ ಗುರುತು ಹಿಡಿದದ್ದು ಉಡದಾರದಿಂದ. ಹೆಣ ಎಲ್ಲಿ ಬಿದ್ದಿದೆ ಎಂದು ಮಾವನಿಗೆ ಹೇಗೆ ಗೊತ್ತು? ನಾಕಾ ಸುಡುವ ಮಾತು ಹೊರಗೆ ಗೊತ್ತಿದ್ದದ್ದು ಹನಮಪ್ಪ ಉಂಡ ಮನೆಗೆ ಮಾತ್ರ. ನಾನು ಕೇಳಿದೆ. ಮಾವ ತಲೆ ತಗ್ಗಿಸಿದ.

ಕ್ಯಾಂಪಿನವರ ಎದುರಿಗೆ ದೇವರ ಅರಿಸಿನ ಭಂಡಾರ ಮುಟ್ಟಿ ಆಣೆ ಮಾಡಿದ್ದೇನೆ. ಈಗ ಗಡಿ ಬಿಗಿ ಇದೆ. ಆದರೆ ಶ್ರಾವಣದಲ್ಲಿ ಪಂಚಮಿಗೆ ಅಕ್ಕನನ್ನು ಕರೆಯಲು ಬಂದ ತಮ್ಮನನ್ನು ಯಾವ ರಾಜ್ಯದವರೂ ತಡೆಯುವುದಿಲ್ಲ. ಬಾಗಿಲನ್ನು ಮಾವನೇ ತೆಗೆಯುತ್ತಾನೆ.

ಅಕ್ಕನಿಗೆ ಒಂದು ಸೀರೆ ಬೇಕು. ಬೆಟಗೇರಿಯದೇ ಆಗಬೇಕು, ಬರಿಗೈಯಲ್ಲಿ ಹೋದರೆ ಸಂಶಯ ಬರುತ್ತದೆ. ಕೊಂಡು ಕಳಿಸಿರಿ.

ನಿಮ್ಮ ಶಿಷ್ಯ,
ದೇವಪ್ಪ

*

ಬೆಟಗೇರಿ
೯ ಜೂನ್ ೧೯೪೮

ದೇವಪ್ಪಾ,

ಹನಮಪ್ಪ ನನ್ನ ವರ್ಗದಲ್ಲಿ ಮೂರನೆಯ ಸಾಲಿನಲ್ಲಿ ಕೂಡುತ್ತಿದ್ದ. ಬೆತ್ತ ತೆಗೆದರೆ ಸಾಕು, ಎರಡೂ ಕೈ ಕುಂಡಿಯ ಕೆಳಗೆ ಸೇರಿಸಿ ಕೂತುಬಿಡುತ್ತಿದ್ದ. ಅವನನ್ನು ಹೊಡೆಯಲು ನನಗೆ ಒಮ್ಮೆಯೂ ಆಗಲಿಲ್ಲ, ನಗು ಬರುತ್ತಿತ್ತು. ನಿನ್ನ ಕಾಗದ ಓದಿ ನಾನು ಅತ್ತೆ. ನಿನ್ನೆದುರು ಹೇಳಲು ನಾಚಿಕೆ ಇಲ್ಲ.

ಇನ್ನು ಮಿಕ್ಕದ್ದಕ್ಕೆ ಬರುತ್ತೇನೆ. ಭಂಡಾರ ಹಣೆಗೆ ಹಚ್ಚಿಕೊಳ್ಳಲು ಇರುವುದು, ಮಂದಿಯ ಕೊರಳು ಕೊಯ್ಯಲು ಅಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ನೀನು ಕಣ್ಣಾರೆ ಕಂಡದ್ದೇನು? ಒಬ್ಬ ಮನುಷ್ಯ ತಲೆ ತಗ್ಗಿಸಿದ್ದು. ರಜಾಕಾರರ ನಡುವೆ ಇದ್ದುಕೊಂಡು, ತನ್ನ ಎತ್ತು ಕಟ್ಟಿ, ನಿನ್ನ ತಮ್ಮನ ಹೆಣ ನಿನ್ನ ಮನೆಗೆ ತಂದವನು ಅವನು. ಹಿಡಿದುಕೊಟ್ಟವನಾಗಿದ್ದರೆ ತರುತ್ತಿದ್ದನೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ನೀನು ಅಂಗೈ ಎಳೆದುಕೊಳ್ಳಲಿಲ್ಲ ಎಂದು ನಾನು ಹೊಗಳಿದ್ದು ನಿಜ. ಆ ಹೊಗಳಿಕೆಯನ್ನು ತಲೆಗೆ ಏರಿಸಿಕೊಂಡು ಕುಣಿಯಬೇಡ. ಆ ಪುಸ್ತಕಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಫ್ಲಿಂಚ್ ಮಾಡದವನ ಕಥೆ ಅಲ್ಲಿಗೇ ಮುಗಿಯುತ್ತದೆ. ಅವನ ಮನೆಯಲ್ಲಿ ಆಮೇಲೆ ಏನಾಯಿತು ಎಂದು ಒಬ್ಬನೂ ಬರೆದಿಲ್ಲ.

ಸೀರೆ ಕಳಿಸುತ್ತಿದ್ದೇನೆ. ಹಸಿರು ಮೈ, ಕೆಂಪು ಸೆರಗು. ಪಂಚಮಿಗೆ ಇದನ್ನಷ್ಟೇ ಒಯ್ಯಿ, ಅಕ್ಕನನ್ನು ಕರೆದುಕೊಂಡು ಬಾ. ಬರುವಾಗ ಬೆಟಗೇರಿಗೆ ಬನ್ನಿ, ಹಬ್ಬದ ಉಂಡಿ ತಿನ್ನೋಣ.

ಚನ್ನಬಸವಣ್ಣ

*

ಬೆಟಗೇರಿ
೧೨ ಜುಲೈ ೧೯೪೮

ಶ್ರೀ ಗಾಳೆಪ್ಪನವರಿಗೆ,

ನಾನು ನಿಮ್ಮ ಹೆಂಡತಿಯ ತಮ್ಮಂದಿರಿಗೆ ಕಲಿಸಿದ ಮಾಸ್ತರ. ನಿಮ್ಮ ಕಡೆಯ ಅಂಚೆಯವರು ಕಾಗದ ಒಡೆದು ಓದುತ್ತಾರಂತೆ, ಅದಕ್ಕೆ ಇದನ್ನು ಬಳೆಗಾರನ ಮಲಾರದೊಳಗೆ ಇಟ್ಟು ಕಳಿಸುತ್ತಿದ್ದೇನೆ.

ಈ ಪಂಚಮಿಗೆ ದೇವಪ್ಪ ಬಂದರೆ ಬಾಗಿಲು ತೆಗೆಯಬೇಡಿ. ಹನಮಪ್ಪನನ್ನು ಹಿಡಿದುಕೊಟ್ಟವರು ನೀವು ಎಂದು ಅವನ ತಲೆಯಲ್ಲಿ ಕೂತಿದೆ. ಅಲ್ಲವಾದರೆ ಅಲ್ಲ ಎಂದು ಯಾರ ಕೈಯಲ್ಲಾದರೂ ಅವನಿಗೆ ಹೇಳಿ ಕಳಿಸಿ. ತಡ ಮಾಡಬೇಡಿ. ಅವನು ಆಣೆ ಮಾಡಿದ್ದಾನೆ. ಹಬ್ಬದ ಹೊತ್ತಿಗೆ ಹೆಂಡತಿ-ಮಗಳನ್ನು ಕರೆದುಕೊಂಡು ಬೇರೆ ಎಲ್ಲಿಗಾದರೂ ಹೋಗಿಬಿಡಿ.

ಚನ್ನಬಸವಣ್ಣ

*

ಮುಂಡರಗಿ
೧೦ ಆಗಸ್ಟ್ ೧೯೪೮

ಮಾಸ್ತರರಿಗೆ,

ಮುಗಿಯಿತು. ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ.

ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ ಹೋದೆ. ನಾಕಾದವನು ಗಂಟಿನ ಮೇಲಿನ ಸೆರಗಷ್ಟೇ ನೋಡಿ “ಅಕ್ಕಗ ಸೀರಿ ಏನು? ಹೋಗಪಾ ಹೋಗು” ಅಂದ. ಕೊಯ್ತಾ ಕತ್ತಿ ಸೀರೆಯ ಮಡಿಕೆಯಲ್ಲಿತ್ತು. ಮಾವ ಬಾಗಿಲಲ್ಲೇ ನಿಂತಿದ್ದ, ನನ್ನನ್ನೇ ಕಾಯುತ್ತಿದ್ದವನ ಹಾಗೆ. ತಾನೇ ತಂಬಿಗೆ ತಂದು ನನ್ನ ಕಾಲಿಗೆ ನೀರು ಹಾಕಿದ. ಹಬ್ಬದಲ್ಲಿ ಏನನ್ನೂ ಕೊಯ್ಯಬಾರದು, ಕಡಿಯಬಾರದು ಎಂದು ಅಕ್ಕ ಈಳಿಗೆ, ಕುಡಗೋಲು, ಕೊಡಲಿ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ತೊಲೆಗೆ ಜೋಕಾಲಿ ಕಟ್ಟಿತ್ತು. ಅವಳ ಮಗಳು ಉಡಚವ್ವ ಅದರಲ್ಲಿ ಕೂತಿದ್ದಳು, ನಾಲ್ಕು ವರ್ಷದ್ದು.

ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾವಿಬ್ಬರೂ ಊಟಕ್ಕೆ ಕೂತೆವು.

“ನಾಕಾದವರಿಗೆ ಹೇಳಿದಾವ್ರು ಯಾರು ಮಾವಾ?”

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾವ ಆ ಕಡೆ ಒಮ್ಮೆ ನೋಡಿದ. ಕೈಯಲ್ಲಿದ್ದ ತುತ್ತು ಗಂಗಾಳದಲ್ಲಿ ಇಟ್ಟ. “ನಾನ” ಅಂದ. “ಸಿಟ್ಟ ಇಳಿಯೂ ಮಟಾ ಹೊಡಿ. ಅಷ್ಟಕ್ಕ ಮುಗಿಸಿಬಿಡು.”

ಸೀರೆ ಬಿಚ್ಚಿದೆ. ಮೊದಲನೆಯ ಏಟು ಕೊರಳಿಗೂ ಹೆಗಲಿಗೂ ನಡುವೆ ಬಿತ್ತು. ಎಲುಬು ಕಟ್ ಎಂದದ್ದು ನನ್ನ ಮೊಣಕೈವರೆಗೆ ಬಂತು. ರಕ್ತ ಹಾರಿ ರೊಟ್ಟಿಯ ಮೇಲೆ, ಗೋಡೆಯ ಮೇಲೆ, ನನ್ನ ಬಾಯೊಳಗೆ ಬಿತ್ತು. ಎರಡನೆಯದಕ್ಕೆ ಕೊಯ್ತಾ ಎತ್ತಿದಾಗಲೂ ಅವನು ತಲೆ ತಗ್ಗಿಸಲಿಲ್ಲ, ಕೈ ಅಡ್ಡ ತರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಮೂರನೆಯ ಏಟಿಗೆ ಉರುಳಿದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸಿ ರೊಟ್ಟಿ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಜೋಕಾಲಿ ಇನ್ನೂ ಆಡುತ್ತಿತ್ತು.

ಸೀರೆ ಅಲ್ಲೇ ಬಿಟ್ಟು ಹೊಲದಲ್ಲಿ ಹಾಯ್ದು ಬಂದೆ. ಕ್ಯಾಂಪಿನಲ್ಲಿ ಹೆಗಲ ಮೇಲೆ ಎತ್ತಿ ಕುಣಿದರು.

ನಿಮ್ಮ ಕೋಶಕ್ಕೆ ಬೇಕಾದರೆ ಬರೆದುಕೊಳ್ಳಿ. ಗಾಳೆಪ್ಪ ಫ್ಲಿಂಚ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ದೇವಪ್ಪ

*

(ಬರೆದದ್ದು ನಾಗರ ಅಮಾವಾಸ್ಯೆಗೆ ಮೊದಲು. ಬಳೆಗಾರ ಲಕ್ಷ್ಮೇಶ್ವರ, ಶಿರಹಟ್ಟಿ ಸಂತೆ ಮುಗಿಸಿಕೊಂಡು ಬೆಟಗೇರಿಗೆ ತಲುಪಿಸಿದ್ದು ೨೧ ಆಗಸ್ಟ್.)

ಮಾಸ್ತರರಿಗೆ ಗಾಳೆಪ್ಪ ಮಾಡುವ ಶರಣು.

ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ, ಸಾವಕಾಶ ಓದಬೇಕು. ನೀವು ನನ್ನ ಮುಖ ನೋಡಿಲ್ಲ, ಆದರೂ ನನ್ನ ಸಲುವಾಗಿ ಕಾಗದ ಬರೆದಿರಿ. ದೊಡ್ಡವರು.

ಪಂಚಮಿಗೆ ಅಕ್ಕನನ್ನು ಕರೆಯಲು ಬಂದವನಿಗೆ ಬಾಗಿಲು ಹಾಕಿದರೆ ಅವಳಿಗೆ ತವರು ಎಲ್ಲಿ ಉಳಿಯಿತು? ಒಬ್ಬ ತಮ್ಮ ಹೋದ. ಉಳಿದವನು ಇವನೊಬ್ಬ. ಹನಮಪ್ಪ ಸತ್ತ ದಿನದಿಂದ ಅವಳು ಸರಿಯಾಗಿ ಉಂಡಿಲ್ಲ. ಊರು ಬಿಟ್ಟು ಓಡಿದರೆ ನಾವು ಮಾಡಿದ್ದು ಖರೆ ಅಂತ ಆಗುತ್ತದೆ.

ಮಾತು ನಮ್ಮ ಮನೆಯಿಂದ ಹೋದದ್ದು ಸುಳ್ಳಲ್ಲ. ಕೇಡು ಬಯಸಿ ಹೋದದ್ದಲ್ಲ. ದೇವಪ್ಪ ಕೇಳಿದರೆ ನನ್ನ ಹೆಸರು ಹೇಳುತ್ತೇನೆ. ಹೊಡೆದರೆ ಹೊಡೆಯಲಿ, ನನ್ನ ಮೈ ತಡೆಯುತ್ತದೆ. ಸಿಟ್ಟು ಇಳಿದ ಮೇಲೆ ಅವಳನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಂಡು ಕಳಿಸಲಿ, ಅಷ್ಟು ಸಾಕು. ಅವನು ನನ್ನ ಮದುವೆಯಲ್ಲಿ ನನ್ನ ಕುದುರೆಯ ಮುಂದೆ ನನ್ನ ಚಪ್ಪಲಿ ಹಿಡಿದುಕೊಂಡು ನಡೆದ ಹುಡುಗ. ಕೊಲ್ಲುವಷ್ಟು ಕೆಟ್ಟವನಲ್ಲ.

ನೀವೂ ಇಷ್ಟಕ್ಕೇ ಬಿಡಬೇಕು. ಯಾರು ಎಂದು ಕೇಳಬಾರದು.

ಗಾಳೆಪ್ಪ

*

ಬೆಟಗೇರಿ
೨೪ ಆಗಸ್ಟ್ ೧೯೪೮

ದೇವಪ್ಪನಿಗೆ,

ನಿನ್ನ ಕಾಗದ ಒಲೆಗೆ ಹಾಕಿದೆ. ಗಾಳೆಪ್ಪನದೊಂದು ಬಂದಿದೆ. ಅದು ನನ್ನ ಪೆಟ್ಟಿಗೆಯಲ್ಲಿದೆ, ನಿನಗೆ ತೋರಿಸುವುದಿಲ್ಲ. ಅವನು ಕೇಳಿಕೊಂಡದ್ದನ್ನು ನಾನು ನಡೆಸುತ್ತೇನೆ.

ನನ್ನ ಬೆತ್ತವೂ ಅದೇ ಒಲೆಗೆ ಹೋಯಿತು. ಅಷ್ಟು ವರ್ಷ ಅಷ್ಟು ಹುಡುಗರ ಕೈ ಸುಟ್ಟದ್ದು ಒಂದು ತಂಬಿಗೆ ನೀರನ್ನೂ ಕಾಯಿಸಲಿಲ್ಲ. ಇನ್ನು ನನಗೆ ಬರೆಯಬೇಡ.

ಚನ್ನಬಸವಣ್ಣ

*

ಮುಂಡರಗಿ
೧೪ ಅಕ್ಟೋಬರ್ ೧೯೫೬

ಪೂಜ್ಯ ಮಾಸ್ತರರಿಗೆ ದೇವಪ್ಪನ ನಮಸ್ಕಾರಗಳು.

ಬರೆಯಬೇಡ ಅಂದಿದ್ದಿರಿ. ಎಂಟು ವರ್ಷ ಬರೆಯಲಿಲ್ಲ. ಈಗ ಬರೆಯುವ ಕಾರಣ ಬಂದಿದೆ.

ಬರುವ ತಿಂಗಳ ಒಂದಕ್ಕೆ ನಮ್ಮದೆಲ್ಲ ಒಂದೇ ರಾಜ್ಯ ಆಗುತ್ತದೆ. ಅಕ್ಕನ ಊರು, ನಮ್ಮೂರು, ನಿಮ್ಮ ಗದಗ ಎಲ್ಲ ಒಂದು. ಅವತ್ತು ಗದಗಿನಲ್ಲಿ ಮೆರವಣಿಗೆ ಇದೆ. ಕ್ಯಾಂಪಿನಲ್ಲಿ ಇದ್ದವರಿಗೆ ಶಾಲು ಹೊದಿಸುತ್ತಾರೆ. ನನ್ನ ಬಗ್ಗೆ ನಾಲ್ಕು ಮಾತು ಯಾರು ಆಡಬೇಕು ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ.

ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಗಾಳೆಪ್ಪನ ಲೆಕ್ಕ ಯಾರೂ ಕೇಳಲಿಲ್ಲ. ದ್ರೋಹಿಗಳ ಜೊತೆ ಸೇರಿಸಿಬಿಟ್ಟರು. ನಾನು ಪ್ರತಿ ಪಂಚಮಿಗೂ ಸೀರೆ ತೆಗೆದುಕೊಂಡು ಅಕ್ಕನ ಬಾಗಿಲಿಗೆ ಹೋಗುತ್ತೇನೆ. ಒಳಗೆ ಅಗಳಿ ಬೀಳುವ ಸಪ್ಪಳ ಕೇಳಿ ತಿರುಗಿ ಬರುತ್ತೇನೆ. ಇರಲಿ. ನಾನು ಕೊಂದದ್ದು ಅಕ್ಕನ ಗಂಡನನ್ನಲ್ಲ, ತಮ್ಮನನ್ನು ಕೊಲ್ಲಿಸಿದವನನ್ನು. ಅವನೇ ಒಪ್ಪಿಕೊಂಡ. ಆ ಒಂದು ಮಾತಿನ ಮೇಲೆ ನಾನು ನಿದ್ದೆ ಮಾಡುತ್ತೇನೆ. ನೀವು ಬಂದು ನನ್ನ ಪಕ್ಕದಲ್ಲಿ ನಿಂತರೆ ಅಕ್ಕನಿಗೂ ಎಂದಾದರೂ ತಿಳಿದೀತು.

ನಿಮ್ಮ ಶಿಷ್ಯ,
ದೇವಪ್ಪ

*

ಬೆಟಗೇರಿ
೨೭ ಅಕ್ಟೋಬರ್ ೧೯೫೬

ದೇವಪ್ಪಾ,

ನಿನ್ನ ಅಕ್ಕ ಈ ಜೂನ್ ತಿಂಗಳಲ್ಲಿ ನನ್ನ ಮನೆಗೆ ಬಂದಳು. ಮಗಳನ್ನು ಶಾಲೆಗೆ ಹಾಕಬೇಕು, ಮಾಸ್ತರ ಅಂದರೆ ತನಗೆ ಗೊತ್ತಿರುವುದು ನಾನೊಬ್ಬನೇ ಅಂದಳು. ಉಡಚವ್ವ ಈಗ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ನನ್ನ ಹೆಂಡತಿಗೆ ಅವಳೆಂದರೆ ಜೀವ. ನಿನಗೆ ತಿಳಿಸುವ ಮನಸ್ಸು ನನಗಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಕರಿಯವ್ವನನ್ನು ಕರೆಸಿ ಓದಿ ಹೇಳಿದೆ. ‘ಅವನೇ ಒಪ್ಪಿಕೊಂಡ’ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಮಾಡಿ ನಿಲ್ಲಿಸಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ನಾಕಾದ ಜವಾನ ನಮ್ಮ ಮಗ್ಗಲ ಮನ್ಯಾಂವ ಇದ್ದರಿ. ಅವನ ಹೇಣ್ತಿ ಗದಿಗೆವ್ವ ನನಗ ಒಡಹುಟ್ಟಿದಾಕಿ ಇದ್ದಂಗ. ‘ಇವತ್ತ ನಾಕಾ ಸುಡತೀವಿ’ ಅಂತ ಹನಮ್ಯಾ ಉಣ್ಣುವಾಗ ಹೇಳಿದ. ಅಂವಾ ಎದ್ದ ಹ್ವಾದಮ್ಯಾಲೆ ನನ್ನ ಜೀವ ನಿಲ್ಲಲಿಲ್ಲ. ಗದಿಗೆವ್ವನ ಕಡೆ ಹೋಗಿ ‘ನನ್ನ ತಮ್ಮ ಬರಾಂವ ಅದಾನವ್ವಾ, ಗುಂಡ ಹಾರಸಬ್ಯಾಡ ಅಂತ ನಿನ ಗಂಡಗ ಹೇಳು, ಹೆದರಿಸಿ ಕಳಸಲಿ’ ಅಂತ ಅಕಿ ಕಾಲ ಹಿಡದೆ. ಅಕಿ ಗಂಡಗ ಹೇಳಿದ್ಲು. ಅಂವಾ ಅಂಜಿ ಮ್ಯಾಲಿನ ಸಾಹೇಬಗ ಹೇಳಿದ. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ತಮ್ಮನ್ನ ಉಳಸಾಕ ಹೋಗಿ ನಾನ ಕೊಲ್ಲಿಸಿದೆ.”

ನಿನ್ನ ಮಾವನಿಗೆ ಅದು ತಿಳಿದದ್ದು ಗುಂಡಿನ ಸಪ್ಪಳ ಕೇಳಿ ಅವಳು ಎದೆ ಬಡಿದುಕೊಂಡು ಬಾಯಿ ಬಿಟ್ಟಾಗ. ಆಗಲೇ ಎತ್ತು ಕಟ್ಟಿಕೊಂಡು ನಾಕಾದ ಕಡೆ ಓಡಿದ. ಹೆಣ ಎಲ್ಲಿದೆ ಎಂದು ಹೇಗೆ ಗೊತ್ತು ಎಂದು ನೀನು ಕೇಳಿದೆಯಲ್ಲ, ಹೀಗೆ.

“ದೇವಪ್ಪ ಬಂದಾಗ ಯಾಕ ಹೇಳಲಿಲ್ಲವ್ವಾ?” ಎಂದು ಕೇಳಿದೆ.

“ಅವರು ‘ನಾನ’ ಅಂದ್ರು. ಅಲ್ಲ, ನಾನ ಹೇಳಿದಾಕಿ, ನಾನ, ಅನ್ನಾಕ ಎದ್ದ ಬಂದೆ. ಬಾಯಿ ತಗದೆ. ಅಷ್ಟರಾಗ ಮುಗದಿತ್ತರಿ.”

ಅವಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ ಎಂದು ನೀನೇ ಬರೆದಿದ್ದೆ.

ಇದನ್ನು ನಿನಗೆ ತಿಳಿಸಲೇ ಎಂದು ಕೇಳಿದೆ. “ತಿಳಸ್ರಿ. ನನ್ನ ಗಂಡ ದ್ರೋಹಿ ಅಂತ ಮಂದಿ ಕೂಡಿದಲ್ಲಿ ಅನ್ನಿಸಿ ಅಂವಾ ಶಾಲ ಹೊತಗೊಳ್ಳೂದಿದ್ರ ತಿಳದ ಹೊತಗೊಳ್ಳಲಿ. ಸಿಟ್ಟ ಬಂದ್ರ ನನ್ನ ಕಡಿಯಾಕ ಬರಲಿ. ಈ ಸಲ ಅಗಳಿ ಹಾಕೂದಿಲ್ಲ” ಅಂದಳು. ಎಂಟು ವರ್ಷ ಅವಳು ಅಗಳಿ ಹಾಕಿದ್ದು ನಿನ್ನ ಮೇಲಿನ ಸಿಟ್ಟಿಗೆ ಎಂದು ನೀನು ತಿಳಿದಿದ್ದೆ, ನಾನೂ ಹಾಗೆಯೇ ತಿಳಿದಿದ್ದೆ. ನಿನ್ನ ಮುಖ ನೋಡಿದರೆ ಎಲ್ಲ ಹೇಳಿಬಿಡುತ್ತೇನೆ, ಗಂಡ ಜೀವ ಕೊಟ್ಟು ಮುಚ್ಚಿದ್ದನ್ನು ತೆರೆದ ಹಾಗಾಗುತ್ತದೆ ಎಂದು ಹಾಕುತ್ತಿದ್ದಳಂತೆ.

ಗಾಳೆಪ್ಪನ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಕರಿಯವ್ವನೇ ಇಡಿಸಿದ್ದು. ನೀನು ಕೊಲ್ಲುವಷ್ಟು ಕೆಟ್ಟವನಲ್ಲ ಎಂದು ಬರೆದಿದ್ದಾನೆ, ಓದು. ಅವನು ಕೈ ಅಡ್ಡ ತರಲಿಲ್ಲವಲ್ಲ, ಅದು ಧೈರ್ಯ ಅಲ್ಲ ದೇವಪ್ಪಾ. ಮೊದಲನೆಯ ಏಟು ಬೀಳುವವರೆಗೂ ಅವನು ನಿನ್ನನ್ನು ನಂಬಿದ್ದ. ಬಿದ್ದ ಮೇಲೆ ಕೈ ಏಳಲಿಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಿನ್ನೆ ವರ್ಗದಲ್ಲಿ ಹಲಗೆ ಒರೆಸಲು ಮೈಮರೆತು ತಟ್ಟನೆ ಕೈ ಎತ್ತಿದೆ. ಮುಂದಿನ ಸಾಲಿನಲ್ಲಿ ಉಡಚವ್ವ ಕೂತಿದ್ದಳು. ಎರಡೂ ತೋಳು ತಲೆಯ ಮೇಲೆ ಬಂದವು, ಕೊರಳು ಹೆಗಲೊಳಗೆ ಇಳಿಯಿತು, ಬೆಂಚಿನಿಂದ ಜಾರಿ ನೆಲಕ್ಕೆ ಕೂತಳು. ಹುಡುಗರು ನಕ್ಕರು. ನಾನು ಸುಣ್ಣದ ಕಡ್ಡಿ ಹಿಡಿದ ಮುದುಕ, ಅವಳಿಗೆ ದಿನಾ ಬೆಲ್ಲ ಕೊಡುವವನು. ಅವಳಿಗೆ ಅದೆಲ್ಲ ಗೊತ್ತು, ಆದರೆ ಮೈಗೆ ಗೊತ್ತಿಲ್ಲ.

ಮನೆಯಲ್ಲೂ ಹಾಗೆಯೇ. ನನ್ನ ಹೆಂಡತಿ ಗೂಟದ ಮೇಲಿನ ಸೀರೆ ತೆಗೆಯಲು ಕೈ ಎತ್ತಬೇಕಾದರೆ ಮೊದಲು ಕೆಮ್ಮುತ್ತಾಳೆ. ಹುಡುಗಿಯ ಪುಸ್ತಕದ ಚೀಲ ಹಸಿರು ಮೈ, ಕೆಂಪು ಸೆರಗಿನದು. ನಾನು ಕೊಂಡು ಕಳಿಸಿದ್ದು, ನೀನು ಬಿಟ್ಟು ಬಂದದ್ದು. ಕಲೆ ಹೋಗಲಿಲ್ಲವಂತೆ, ಕರಿಯವ್ವ ಅದನ್ನು ಒಳಮಗ್ಗುಲಿಗೆ ಮಡಚಿ ಹೊಲಿದಿದ್ದಾಳೆ.

ಕೋಶದಲ್ಲಿ ಆ ಶಬ್ದದ ಎದುರಿನ ಜಾಗ ಎಂಟು ವರ್ಷ ಖಾಲಿ ಇತ್ತು. ನಿನ್ನೆ ತುಂಬಿದೆ. ಅಸುಂಡಿಯ ಮೂಕಪ್ಪ ಹೇಳಿದ ಎತ್ತಿನ ತೊಗಲನ್ನು ಬರೆದೆ, ಅದರ ಕೆಳಗೆ ಈ ಹುಡುಗಿಯನ್ನು ಬರೆದೆ. ‘ಮಾಡಲಿಲ್ಲ’ ಎನ್ನುವ ಉದಾಹರಣೆ ಒಂದನ್ನೂ ಇಟ್ಟಿಲ್ಲ.

ಮೆರವಣಿಗೆಗೆ ನಾನು ಬರುವುದಿಲ್ಲ, ನಿನ್ನ ಬಗ್ಗೆ ಮಾತನಾಡುವುದೂ ಇಲ್ಲ. ನೀನು ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ಕರಿಯವ್ವ ದೀಪಾವಳಿಯವರೆಗೆ ಇಲ್ಲೇ ಇರುತ್ತಾಳೆ. ಅವಳನ್ನು ನೋಡುವ ಮನಸ್ಸಿದ್ದರೆ ಬಾ, ಬಾಗಿಲು ತೆರೆದಿರುತ್ತದೆ. ಉಡಚವ್ವ ಕಟ್ಟೆಯ ಮೇಲೆ ಓದುತ್ತ ಕೂತಿರುತ್ತಾಳೆ. ಅವಳಿಗೆ ನೀನು ಯಾರು ಎಂದು ನಾವು ಹೇಳುವುದಿಲ್ಲ, ನೀನೇ ಹೇಳಬೇಕು. ದೂರದಿಂದಲೇ ಹೇಳು. ನನ್ನನ್ನು ಕಂಡಾಗ ನಮಸ್ಕಾರಕ್ಕೂ ಕೈ ಎತ್ತಬೇಡ.

ಚನ್ನಬಸವಣ್ಣ ಮಾಸ್ತರ